ಎವರಿಸ್ತೊನಿಗಾಗಿ ಬಸಿಲಿಯಾ ಕುಣಿದದ್ದು

ಬಿರುಗಾಳಿಯ ಮಾತೆತ್ತಿದರೆ ಬಸಿಲಿಯಾ ನೊರಾಲೆಸ್ ಅವರಿಗೆ ಸಿಟ್ಟು ಬರುತ್ತದೆ. ಗಾಳಿಯ ಮೇಲಲ್ಲ, ಕೇಳಿದವರ ಮೇಲೆ.

“ಗಾಳಿ ಏನ್ ಮಾಡ್ತು? ಬೀಸ್ತು. ಅದರ ಕೆಲಸ ಅದು ಮಾಡ್ತು. ಅವತ್ತು ತಂತಮ್ಮ ಕೆಲಸ ಮಾಡದೆ ಇದ್ದೋರು ಬೇರೆ ಇದ್ದಾರೆ. ಕೇಳೋದಿದ್ರೆ ಅವರ ಬಗ್ಗೆ ಕೇಳಿ.”

ಹೊಂಡುರಾಸ್‌ನ ಸಾಂತಾ ಫೆಯಲ್ಲಿ, ಕಡಲಿಗೆ ಮುಖ ಮಾಡಿದ ಬೀದಿಯಲ್ಲಿ, ತಗಡಿನ ಚಾವಣಿಯ ಒಂದು ಖಾನಾವಳಿ ಅವರದು. ನಾಲ್ಕು ಮೇಜು, ಹಿಂದೆ ಒಲೆ, ಪಕ್ಕದಲ್ಲಿ ಬಾಳೆಕಾಯಿ ಕುಟ್ಟುವ ಎತ್ತರದ ಮರದ ಒರಳು. ತೆಂಗಿನ ಹಾಲಿನಲ್ಲಿ ಬೆಂದ ಮೀನು, ಕುಟ್ಟಿದ ಬಾಳೆಕಾಯಿಯ ಮುದ್ದೆ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಎರಡೂ ಮುಗಿದಿರುತ್ತವೆ. ನಲವತ್ತೆಂಟರ ಗಟ್ಟಿ ಹೆಂಗಸು. ತಟ್ಟೆ ಇಡುವಾಗ ಮಾತ್ರ ಹಳೆಯ ಅಭ್ಯಾಸ ಕಾಣುತ್ತದೆ: ಉಣ್ಣುವವರ ಬಲಗಡೆಯಿಂದ ಬಂದು, ಸ್ವಲ್ಪವೂ ಸದ್ದಾಗದಂತೆ ಇಡುತ್ತಾರೆ. ಆದರೆ ನಗುವುದಿಲ್ಲ. ಹೊಸಬರು ಇದನ್ನು ತಪ್ಪಾಗಿ ತಿಳಿಯುತ್ತಾರೆ. ಊರಿನ ಮೀನುಗಾರರು ಇದನ್ನೇ ಹಿಡಿದು ಕೆಣಕುತ್ತಾರೆ.

“ಬಸಿ, ಒಂದ್ ಸಲ ನಕ್ಕು ಬಡಿಸು ನೋಡೋಣ, ಮೀನಿಗೂ ರುಚಿ ಬರುತ್ತೆ.”

“ನಗು ಬೇಕಂದ್ರೆ ಹಡಗಿನ ಟಿಕೆಟ್ ತಗೋ. ಅಲ್ಲಿ ಅದು ಊಟದ ಜೊತೆ ಸೇರಿರುತ್ತೆ.”

ಹದಿನೇಳು ವರ್ಷ ಅವರು ವಿಹಾರದ ಹಡಗೊಂದರ ಊಟದ ಸಭಾಂಗಣದಲ್ಲಿ ಬಡಿಸಿದರು. ಎಂಟು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ನಮ್ಮ ಕರಾವಳಿಯ ಗರಿಫುನಾ ಜನರಲ್ಲಿ ಹೀಗೆ ಒಬ್ಬರನ್ನಾದರೂ ಹಡಗಿಗೆ ಕಳಿಸದ ಮನೆ ಕಡಿಮೆ. ಹಡಗಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ವಕೀಲರು ಬಹಳ. ಅದರಲ್ಲಿ ದುಡಿದ ನಮ್ಮವರು ಅದನ್ನು ಬಿಳಿ ಹಸು ಎಂದು ಕರೆಯುತ್ತಿದ್ದರು. ಮೇವು ಹಾಕುವವರು ಕೆಳಗೆ, ಹಾಲು ಕುಡಿಯುವವರು ಮೇಲೆ ಎಂಬ ಅರ್ಥದಲ್ಲಿ.

ಬಿಳಿ ಹಸುವಿನಲ್ಲಿ ನಗು ಎನ್ನುವುದು ಸಮವಸ್ತ್ರದ ಒಂದು ಭಾಗ. ಪ್ರಯಾಣಿಕರು ಹತ್ತು ಹೆಜ್ಜೆ ದೂರದಲ್ಲಿ ಕಂಡರೆ ನಗಬೇಕು, ಐದು ಹೆಜ್ಜೆಗೆ ಬಂದರೆ ಮಾತಾಡಿಸಬೇಕು. ಇದಲ್ಲದೆ ವಾರಕ್ಕೊಂದು ಸಂಜೆ ನೌಕರರ ಕುಣಿತ. ಬಡಿಸುವವರೆಲ್ಲ ಕೈವಸ್ತ್ರ ಗಿರಗಿರ ತಿರುಗಿಸುತ್ತ ಮೇಜುಗಳ ನಡುವೆ ಮೆರವಣಿಗೆ ಬರುತ್ತಾರೆ, ಆಮೇಲೆ ಒಂದೊಂದು ದೇಶದವರಿಂದ ಒಂದೊಂದು ಆಟ. ಹೊಂಡುರಾಸ್‌ನವರ ಪಾಲಿಗೆ ಪುಂತಾ. ಅದಕ್ಕಾಗಿ ಹಡಗಿನವರು ಪ್ಲಾಸ್ಟಿಕ್ ಹುಲ್ಲಿನ ಲಂಗ ಮತ್ತು ತೆಂಗಿನ ಚಿಪ್ಪಿನ ಸರ ಕೊಟ್ಟಿದ್ದರು. ನಮ್ಮ ಊರುಗಳಲ್ಲಿ ಯಾರ ಅಜ್ಜಿಯೂ ಅಂಥದ್ದನ್ನು ಉಟ್ಟದ್ದಿಲ್ಲ. ಗುಂಪಿನ ಮುಂದೆ ಯಾವಾಗಲೂ ಬಸಿಲಿಯಾ ಇರುತ್ತಿದ್ದರು. ಪುಂತಾ ಕುಣಿಯುವುದರಲ್ಲಿ ಅವರನ್ನು ಮೀರಿಸುವವರು ಈ ಸೀಮೆಯಲ್ಲಿ ಈಗಲೂ ಇಲ್ಲ.

ಪುಂತಾವನ್ನು ನಮ್ಮಲ್ಲಿ ಹಬ್ಬಕ್ಕೂ ಕುಣಿಯುತ್ತಾರೆ, ಮದುವೆಗೂ ಕುಣಿಯುತ್ತಾರೆ. ಆದರೆ ಅದರ ತವರು ಸಾವಿನ ಮನೆ. ಒಂಬತ್ತನೆಯ ರಾತ್ರಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸತ್ತವರ ಫೋಟೋ, ದೀಪ, ಅವರಿಗೆ ಇಷ್ಟದ ಊಟ ಇಟ್ಟು, ಅವರ ಹೆಸರು ಹಿಡಿದು ಹಾಡಿ, ಬೆಳಗಿನವರೆಗೆ ಕುಣಿದು ಕಳಿಸಿಕೊಡಬೇಕು. ಕುಣಿಯದಿದ್ದರೆ ಸತ್ತವರು ಹೊರಟರೆಂದು ಇಲ್ಲಿ ಯಾರೂ ನಂಬುವುದಿಲ್ಲ. ಬಸಿಲಿಯಾರ ತಂದೆ ತೀರಿಕೊಂಡಾಗ ಹಡಗು ಬಹಾಮಾಸ್ ಹತ್ತಿರ ಇತ್ತು. ರಜೆ ಸಿಗಲಿಲ್ಲ. ಆ ಸಂಜೆಯೂ ಹುಲ್ಲಿನ ಲಂಗ ಉಟ್ಟು ಕುಣಿದರು. ಯಾರಿಗೂ ಹೇಳಲಿಲ್ಲ, ಹೇಳಿದ್ದರೂ ನಗುವಿನ ನಿಯಮಕ್ಕೆ ವಿನಾಯಿತಿ ಇರಲಿಲ್ಲ.

ಎವರಿಸ್ತೊ ಗುಯಿಟಿ ಅವರದೇ ಬೀದಿಯವನು. ಪೆತ್ರೋನಾ ಎಂಬ ವಿಧವೆಯ ಕಿರಿಯ ಮಗ, ಮೂವತ್ತೊಂದು ವರ್ಷದವನು. ಬಸಿಲಿಯಾರೇ ಅವನನ್ನು ಹಡಗಿಗೆ ಆಳು ಸೇರಿಸುವ ಏಜೆಂಟನ ಬಳಿ ಕರೆದುಕೊಂಡು ಹೋಗಿದ್ದರು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಇಳಿದು ಒಳಗೇ ಕೂರಬಹುದಾದಷ್ಟು ದೊಡ್ಡ ಪಾತ್ರೆಗಳು. ಕಡಲು ಸ್ವಲ್ಪ ಎದ್ದರೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಕೆಳಗಿನ ಊಟದ ಕೋಣೆಯಲ್ಲಿ ಅದೇ ತಮಾಷೆ.

“ದೋಣಿ ಕೆತ್ತೋನ ಮೊಮ್ಮಗ ನೀನು. ನಿಂಗೆ ವಾಂತಿನಾ? ನಿಮ್ಮಜ್ಜ ಮೇಲಿಂದ ನೋಡಿ ತಲೆ ತಗ್ಗಿಸ್ತಿರ್ತಾನೆ,” ಎಂದು ಬಸಿಲಿಯಾ ಒಮ್ಮೆ ಛೇಡಿಸಿದ್ದರು.

“ದೋಣೀಲಿ ಆಗಲ್ಲ ಅಕ್ಕ. ದೋಣೀಲಿ ಕಡಲು ಕಾಣುತ್ತೆ. ಇಲ್ಲಿ ಬರೀ ಪಾತ್ರೆ ಕಾಣುತ್ತೆ.”

ಜನವರಿಯಲ್ಲಿ ಹಡಗು ಫ್ಲಾರಿಡಾದಿಂದ ಹೊರಟಿತು. ದಕ್ಷಿಣಕ್ಕೆ ಇಳಿದು ನಮ್ಮ ರೊವಾತಾನ್ ದ್ವೀಪ ಮುಟ್ಟಿ ವಾಪಸ್ಸಾಗುವ ಮಾಮೂಲಿ ದಾರಿ. ಉತ್ತರದಿಂದ ದೊಡ್ಡ ಗಾಳಿ ಇಳಿಯುತ್ತಿದೆ ಎಂಬುದು ಗುಟ್ಟಾಗಿರಲಿಲ್ಲ. ಜನವರಿಯಲ್ಲಿ ಆ ಗಾಳಿ ಬರುತ್ತದೆ ಎಂಬುದು ನಮ್ಮ ಊರಿನ ಕೋಳಿಗಳಿಗೂ ಗೊತ್ತು; ಅವು ಹಿಂದಿನ ದಿನವೇ ಮನೆಯ ದಕ್ಷಿಣದ ಗೋಡೆಗೆ ಸೇರಿಕೊಳ್ಳುತ್ತವೆ. ಅದೇ ಬಂದರಿನಲ್ಲಿದ್ದ ಇನ್ನೊಂದು ಹಡಗು ಹೊರಡದೆ ಕಾದಿತು. ಬಿಳಿ ಹಸು ಕಾಯಲಿಲ್ಲ. ಒಂದು ದಿನ ಕಾದರೆ ಒಂದು ದ್ವೀಪ ತಪ್ಪುತ್ತದೆ, ದ್ವೀಪ ತಪ್ಪಿದರೆ ಪ್ರಯಾಣಿಕರು ದೂರುತ್ತಾರೆ.

ಮರುದಿನ ಬೆಳಿಗ್ಗೆ ಕಪ್ತಾನನ ದನಿ ಧ್ವನಿವರ್ಧಕದಲ್ಲಿ ಬಂತು: ಸ್ವಲ್ಪ ಅಲುಗಾಟ ಇರಬಹುದು, ಅತಿಥಿಗಳು ಎಂದಿನಂತೆ ದಿನವನ್ನು ಆನಂದಿಸಬೇಕು. ಆ ಹೊತ್ತಿಗೆ ಈಜುಕೊಳದ ನೀರು ಖಾಲಿ ಮಾಡಿಸಿದ್ದರು, ಪಿಯಾನೊವನ್ನು ಹಗ್ಗದಿಂದ ಕಂಬಕ್ಕೆ ಬಿಗಿಸಿದ್ದರು. ಮೆಟ್ಟಿಲ ಸರಳುಗಳಿಗೆ ವಾಂತಿ ಮಾಡಿಕೊಳ್ಳುವ ಕಾಗದದ ಚೀಲಗಳನ್ನು ತೋರಣದಂತೆ ಸಿಕ್ಕಿಸಿದ್ದರು. ಹಡಗಿನ ಮೂತಿ ಏಳುವುದು, ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುವುದು, ಆಮೇಲೆ ಗೋಡೆಗೆ ಗುದ್ದಿದ ಹಾಗೆ ನೀರಿಗೆ ಬೀಳುವುದು. ನೌಕರರ ಕೋಣೆಗಳು ಮೂತಿಯ ಅಡಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಪ್ರತಿ ಹೊಡೆತಕ್ಕೂ ಅಲ್ಲಿಯ ಮಂಚಗಳು ಮೇಲೆ ಹಾರಿ ಬೀಳುತ್ತಿದ್ದವು. ಮೇಲಿನ ಅಂತಸ್ತಿನ ಕಿಟಕಿಗಳಿಗೆ ಬಿಳಿ ನೊರೆ ಬಡಿದು ಇಳಿಯುವುದನ್ನು ಪ್ರಯಾಣಿಕರು ಫೋನಿನಲ್ಲಿ ಹಿಡಿಯುತ್ತಿದ್ದರು.

ಇಂಥ ದಿನ ಅಡಿಗೆಮನೆಗೆ ಒಂದು ಪದ್ಧತಿ ಇದೆ. ಒಲೆ ಆರಿಸಬೇಕು, ದೊಡ್ಡ ಪಾತ್ರೆ ಬರಿದು ಮಾಡಬೇಕು, ಪಾತ್ರೆ ಸಾಗಿಸುವ ಕಬ್ಬಿಣದ ಗಾಡಿಗಳನ್ನು ಗೋಡೆಗೆ ಸರಪಳಿ ಹಾಕಿ ಕಟ್ಟಬೇಕು. ಊಟಕ್ಕೆ ಬ್ರೆಡ್ಡು, ತಣ್ಣಗಿನ ಮಾಂಸ, ಹಸಿರು ಸೇಬು. ಮುಖ್ಯ ಅಡಿಗೆಯವನು ಹಾಗೇ ಹೇಳಿದ್ದ. ಆದರೆ ಆ ಮಧ್ಯಾಹ್ನ ಹಡಗಿನ ಹಳೆಯ ಅತಿಥಿಗಳಿಗೆ, ಅಂದರೆ ಹತ್ತಾರು ಸಲ ಬಂದವರಿಗೆ, ವಿಶೇಷ ಊಟ ನಿಗದಿಯಾಗಿತ್ತು. ಸಿಗಡಿ ಸೂಪು, ಬಿಸಿ ಮಾಂಸ, ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ. ಊಟದ ಸಭಾಂಗಣದ ಮೇಲ್ವಿಚಾರಕ ರಾಡೋವಾನ್ ಎಂಬುವನು ಅಡಿಗೆಯವನ ಮಾತನ್ನು ತಳ್ಳಿಹಾಕಿದ.

“ಹಳೇ ಅತಿಥಿಗಳು ಅವರು. ಬ್ರೆಡ್ಡು ತಿನ್ನಿಸಿ ಕಳಿಸೋಕಾಗುತ್ತಾ?”

ಬಸಿಲಿಯಾ ಮೇಜಿನ ಬಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದರು. ಬಟ್ಟೆ ಒದ್ದೆಯಾದರೆ ತಟ್ಟೆ ಜಾರುವುದಿಲ್ಲ. ಅಡಿಗೆಮನೆಯ ಬಾಗಿಲಿನಿಂದ ಕಂಡದ್ದನ್ನು ಹೇಳಿದರು.

“ಸಾರ್, ಪಾತ್ರೆ ಗಾಡಿಗಳು ಕಟ್ಟಿಲ್ಲ. ಆ ಕಡೆಯಿಂದ ಈ ಕಡೆ ಓಡ್ತಿವೆ.”

“ಕಟ್ಟಿದ್ರೆ ಪಾತ್ರೆ ಹೆಂಗೆ ಬರುತ್ತೆ? ನಿನ್ನ ಮೇಜು ನೀನು ನೋಡ್ಕೋ. ನಗು, ಬಸಿಲಿಯಾ.”

ಸೂಪು ಬಡಿಸುವಾಗ ಹಡಗು ಎಡಕ್ಕೆ ವಾಲಿತು. ಹಿಂದಿನ ಸಲಗಳಂತೆ ವಾಪಸ್ ಬರಲಿಲ್ಲ, ವಾಲುತ್ತಲೇ ಹೋಯಿತು. ಹಂಸ ಮೇಜಿನಿಂದ ಜಾರಿ ನೆಲದ ಮೇಲೆ ಒಡೆಯಿತು. ಕುರ್ಚಿಗಳು ಜನರ ಸಮೇತ ಸರಿದವು. ಹಡಗು ನೆಟ್ಟಗಾಗುವ ಹೊತ್ತಿನಲ್ಲಿ ಅಡಿಗೆಮನೆಯಿಂದ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ಬಂತು, ಅದರ ಹಿಂದೆಯೇ ನಮ್ಮ ಭಾಷೆಯಲ್ಲಿ ಒಂದು ಕೂಗು. ತಾಯಿಯನ್ನು ಕರೆದ ಕೂಗು. ಆ ಸಭಾಂಗಣದಲ್ಲಿ ಅದು ಅರ್ಥವಾದದ್ದು ಬಸಿಲಿಯಾ ಅವರಿಗೆ, ಮತ್ತು ಅವರ ಜೊತೆ ತಟ್ಟೆ ಎತ್ತುತ್ತಿದ್ದ ಬೆತೊ ಆರ್ಸೂಗೆ ಮಾತ್ರ.

ಪಾತ್ರೆ ತುಂಬಿದ ಗಾಡಿ ಇಳಿಜಾರಿನಲ್ಲಿ ಓಡಿ ಎವರಿಸ್ತೊನನ್ನು ಉಕ್ಕಿನ ಗೋಡೆಗೆ ಒತ್ತಿತ್ತು. ಎದೆ ಒಡೆದಿತ್ತು. ಬಸಿಲಿಯಾ ಬಾಗಿಲಿನವರೆಗೆ ಓಡಿದರು. ರಾಡೋವಾನ್ ತೋಳು ಹಿಡಿದ.

“ಡಾಕ್ಟರ್ ಬರ್ತಾರೆ. ನೀನು ಸಿಹಿ ಬಡಿಸಿ ಮುಗಿಸು, ಆಮೇಲೆ ಹೋಗು. ಇಲ್ಲಿ ಗಾಬರಿ ಆಗ್ಬಾರ್ದು.”

ಮೂರನೆಯ ಮೇಜಿನಲ್ಲಿದ್ದ ಒಬ್ಬರು ತಮ್ಮ ಸೂಪು ಮತ್ತೆ ಬರುತ್ತದೆಯೋ ಇಲ್ಲವೋ ಎಂದು ಎರಡು ಸಲ ಕೇಳಿದರು. ಬಸಿಲಿಯಾ ಕೇಕು ಬಡಿಸಿದರು. ಕಾಫಿ ಬಡಿಸಿದರು. ಹದಿನೇಳು ವರ್ಷದ ಅಭ್ಯಾಸ ಕೈಯಲ್ಲಿತ್ತು, ಒಂದು ಹನಿಯೂ ಚೆಲ್ಲಲಿಲ್ಲ. ಇದನ್ನು ಹೇಳುವಾಗ ಈಗಲೂ ಅವರು ತಮ್ಮ ಕೈಗಳನ್ನೇ ದುರುಗುಟ್ಟಿ ನೋಡುತ್ತಾರೆ. ಅವರು ಕೆಳಗೆ ಹಡಗಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎವರಿಸ್ತೊನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಸಂಜೆ ನೌಕರರ ಊಟದ ಕೋಣೆಯಲ್ಲಿ ಸಭೆ ಕರೆದರು. ಮೇಲಿನ ಅಧಿಕಾರಿಗಳ ಪರವಾಗಿ ರಾಡೋವಾನ್ ಮಾತಾಡಿದ. ದುಃಖದ ಘಟನೆ, ಪ್ರಕೃತಿಯ ಎದುರು ಮನುಷ್ಯ ಏನು ಮಾಡಿಯಾನು, ಅತಿಥಿಗಳ ಕಿವಿಗೆ ಬೀಳಬಾರದು. ಎವರಿಸ್ತೊನನ್ನು ಕೆಳಗಿನ ಶೀತಲ ಕೋಣೆಯಲ್ಲಿ ಇಟ್ಟು ಫ್ಲಾರಿಡಾಕ್ಕೆ ಒಯ್ಯಲಾಗುವುದು.

ಬಸಿಲಿಯಾ ಎದ್ದು ನಿಂತರು. “ನಾಳಿದ್ದು ರೊವಾತಾನ್ ಸಿಗುತ್ತೆ. ಅಲ್ಲೇ ಇಳಿಸಿ ಸಾರ್. ಅಲ್ಲಿಂದ ದೋಣಿ ಹತ್ತಿದ್ರೆ ಆಚೆ ದಡ, ಅದೇ ದಿನ ಊರು. ಅವನ ಅವ್ವ ಇದ್ದಾಳೆ.”

“ಫ್ಲಾರಿಡಾದಲ್ಲಿ ಎಲ್ಲ ವ್ಯವಸ್ಥೆ ಇದೆ.”

“ಅಲ್ಲಿಂದ ಊರಿಗೆ ಯಾವಾಗ ಬರ್ತಾನೆ?”

“ಕೆಲವು ವಾರ ಹಿಡಿಬಹುದು.”

“ರೊವಾತಾನ್‌ನಲ್ಲಿ ಯಾಕಾಗಲ್ಲ?”

“ಬಂದರಿನ ಕಟ್ಟೆ ತುಂಬ ಅತಿಥಿಗಳಿರ್ತಾರೆ. ಮಕ್ಕಳಿರ್ತಾರೆ, ಫೋಟೋ ತೆಗೀತಿರ್ತಾರೆ. ರಜಕ್ಕೆ ಬಂದೋರಿಗೆ ಶವದ ಪೆಟ್ಟಿಗೆ ತೋರಿಸ್ಬೇಕಾ?”

“ನಮಗೆ ತೋರಿಸ್ಬಹುದಾ ಸಾರ್?” ಎಂದು ಹಿಂದಿನ ಸಾಲಿನಿಂದ ಬೆತೊ ಕೇಳಿದ.

ಸಭೆ ಮುಗಿಸುವ ಮೊದಲು ರಾಡೋವಾನ್ ಇನ್ನೊಂದು ವಿಷಯ ಹೇಳಿದ. ಬಿರುಗಾಳಿಯಿಂದ ಅತಿಥಿಗಳ ಮನಸ್ಸು ಕುಗ್ಗಿದೆ, ಆದ್ದರಿಂದ ವಾರದ ಕೊನೆಗೆ ಇದ್ದ ನೌಕರರ ಕುಣಿತ ನಾಳೆ ಸಂಜೆಯೇ ನಡೆಯುತ್ತದೆ. “ಬಸಿಲಿಯಾ, ನಿಮ್ಮೋರ ಆ ಖುಷಿ ಕುಣಿತ ಮೊದಲು ಇರಲಿ. ಅದು ಜನರನ್ನ ಎಬ್ಬಿಸುತ್ತೆ.”

“ಆಯ್ತು ಸಾರ್, ಕುಣಿತೀವಿ,” ಎಂದರು ಬಸಿಲಿಯಾ.

ಹೊರಗೆ ಬಂದ ಮೇಲೆ ಬೆತೊ ಅವರ ದಾರಿಗೆ ಅಡ್ಡ ನಿಂತ. ಅವನು ಬಸಿಲಿಯಾರಿಗಿಂತ ಹತ್ತು ವರ್ಷ ಚಿಕ್ಕವನು, ಟ್ರುಹಿಯೊ ಊರಿನವನು, ಕುಣಿತಕ್ಕೆ ಡೋಲು ಹೊಡೆಯುತ್ತಿದ್ದವನು.

“ಅಕ್ಕ, ನಿಂಗೇನಾದ್ರೂ ಮಾನ ಮರ್ಯಾದೆ ಇದ್ಯಾ? ಅವನು ಮೀನಿನ ಹಾಗೆ ಮಂಜಲ್ಲಿ ಮಲಗಿದ್ದಾನೆ. ನೀನು ಹುಲ್ಲು ಉಟ್ಕೊಂಡು ಸೊಂಟ ತಿರುಗಿಸ್ತೀಯಾ?”

“ಹುಲ್ಲು ಉಡಲ್ಲ.”

“ಮತ್ತೆ?”

“ನಿಮ್ಮನೇಲಿ ಯಾರಾದ್ರೂ ಸತ್ರೆ ಏನ್ ಮಾಡ್ತೀರಿ? ಕೂತ್ಕೊಂಡು ಸಿಗರೇಟು ಸೇದ್ತೀರಾ?”

ಬೆತೊಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಒಂಬತ್ತು ದಿನ ಆಗಿಲ್ಲ ಅಕ್ಕ.”

“ಒಂಬತ್ತನೇದು ಅವರವ್ವ ಮಾಡ್ಲಿ, ಅವನು ಮನೆಗೆ ಹೋದ್ರೆ. ಅವನು ಸತ್ತಿದ್ದಾನೆ ಅಂತ ಈ ಹಡಗಿಗೆ ಯಾರಾದ್ರೂ ಹೇಳ್ಬೇಕಲ್ಲ. ಬಾಯಲ್ಲಿ ಹೇಳ್ಬೇಡಿ ಅಂದಿದ್ದಾರೆ. ಕುಣೀರಿ ಅಂತ ಅವರೇ ಅಂದಿದ್ದಾರೆ.”

ಮರುದಿನ ಕಡಲು ತಣ್ಣಗಾಗಿತ್ತು. ಸಂಜೆಯ ಊಟಕ್ಕೆ ಸಭಾಂಗಣ ತುಂಬಿತ್ತು; ಬಿರುಗಾಳಿ ದಾಟಿ ಬಂದ ಜನ ಸಾಹಸ ಮಾಡಿದವರ ಹುರುಪಿನಲ್ಲಿದ್ದರು. ಸಂಗೀತ ಶುರುವಾಯಿತು. ಮೊದಲ ಆಟಕ್ಕೆ ಬಾಗಿಲು ತೆರೆದಾಗ ಹುಲ್ಲಿನ ಲಂಗ ಕಾಣಲಿಲ್ಲ. ಬಡಿಸುವ ಕಪ್ಪು ಬಿಳಿ ಸಮವಸ್ತ್ರದಲ್ಲೇ ಹನ್ನೊಂದು ಮಂದಿ ಬಂದರು. ಬಟ್ಟೆ ಒಗೆಯುವ ಕೋಣೆಯ ಹೆಂಗಸರೂ ಇದ್ದರು. ಕುಣಿಯುವ ಜಾಗದ ನಡುವೆ ಒಂದು ಕುರ್ಚಿ ಇಟ್ಟು ಬಿಳಿ ಮೇಜುಬಟ್ಟೆ ಹಾಸಿದರು. ಅದರ ಮೇಲೆ ಎವರಿಸ್ತೊನ ರಬ್ಬರ್ ಬೂಟು, ಮಡಿಸಿದ ಏಪ್ರನ್, ಒಂದು ಲೋಟ ಕಾಫಿ, ಒಂದು ಬ್ರೆಡ್ಡು. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಊಟದ ಮೇಜಿನ ಮೇಲಿಡುವ ಬ್ಯಾಟರಿಯ ಮೇಣದಬತ್ತಿಗಳನ್ನೇ ಸುತ್ತ ಜೋಡಿಸಿದರು.

ಬೆತೊ ಡೋಲು ಹೊಡೆದ. ಬಸಿಲಿಯಾ ಹಾಡು ಎತ್ತಿದರು. ನಮ್ಮಲ್ಲಿ ಸಾವಿನ ಹಾಡನ್ನು ಹೆಂಗಸರು ಅಲ್ಲೇ ನಿಂತು ಕಟ್ಟುತ್ತಾರೆ. ಎವರಿಸ್ತೊ, ನಿನ್ನ ಅವ್ವ ಬಾಗಿಲಲ್ಲಿ ಕೂತಿದ್ದಾಳೆ, ನೀನು ಕಬ್ಬಿಣದ ಹೊಟ್ಟೆಯಲ್ಲಿ ಮಲಗಿದ್ದೀಯ, ಯಾರು ಹೋಗಿ ಹೇಳುತ್ತಾರೆ ಎಂಬುದು ಅದರ ಭಾವ. ಉಳಿದವರು ಕೊನೆಯ ಸಾಲನ್ನು ತಿರುಗಿ ಹೇಳಿದರು. ಆಮೇಲೆ ಬಸಿಲಿಯಾ ಕುಣಿದರು. ಕಾಲು ನೆಲ ಬಿಡದೆ ಸರಿಯುತ್ತದೆ, ಸೊಂಟ ಮಾತ್ರ ಡೋಲಿನ ಜೊತೆ ಓಡುತ್ತದೆ, ಮುಖ ಅಲುಗುವುದಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಆ ಸಭಾಂಗಣದಲ್ಲಿ ಅವರು ನಗದೆ ಕುಣಿದರು.

ಅತಿಥಿಗಳಿಗೆ ಬಹಳ ಹಿಡಿಸಿತು. ತಾಳಕ್ಕೆ ಚಪ್ಪಾಳೆ ತಟ್ಟಿದರು. ಶಿಳ್ಳೆ ಹಾಕಿದರು. ಕೆಂಪು ಟೋಪಿಯ ಒಬ್ಬ ಹೆಂಗಸು ಎದ್ದು ಬಂದು ಬಸಿಲಿಯಾರ ಪಕ್ಕದಲ್ಲಿ ಸೊಂಟ ಕುಣಿಸಿದಳು. ಅವಳ ಹಿಂದೆ ಇನ್ನಷ್ಟು ಜನ ಒಬ್ಬರ ಹೆಗಲು ಒಬ್ಬರು ಹಿಡಿದು ರೈಲು ಮಾಡಿಕೊಂಡು, ಸತ್ತವನ ಬೂಟು ಇಟ್ಟ ಕುರ್ಚಿಯ ಸುತ್ತ ಕೇಕೆ ಹಾಕುತ್ತ ತಿರುಗಿದರು. ಫೋನುಗಳು ಮೇಲೆದ್ದವು. ರಾಡೋವಾನ್ ಬಾಗಿಲ ಬಳಿ ನಿಂತು ತಲೆದೂಗುತ್ತಿದ್ದ.

ಹಿಂದಿನ ಮೇಜಿನಿಂದ ಒಂದು ದನಿ ಹಾಡಿನ ಕೊನೆಯ ಸಾಲನ್ನು ತಿರುಗಿ ಹೇಳಿತು. ಗರಿಫುನಾ ಭಾಷೆಯಲ್ಲೇ. ಗ್ರಾಸಿಯೆಲಾ ಬೆರ್ನಾರ್ದೆಸ್ ಎಂಬ ಆ ಪ್ರಯಾಣಿಕರಿಗೆ ಅರವತ್ತು ದಾಟಿತ್ತು. ಹುಡುಗಿಯಾಗಿದ್ದಾಗಲೇ ನಮ್ಮ ಕರಾವಳಿ ಬಿಟ್ಟು ನ್ಯೂಯಾರ್ಕಿನ ಬ್ರಾಂಕ್ಸ್ ಸೇರಿ, ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮುದುಕಿಯಾದವರು. ಚರ್ಚಿನ ಗೆಳತಿಯರ ಜೊತೆ ಜೀವಮಾನದ ಮೊದಲ ರಜೆಗೆ ಬಂದಿದ್ದರು. ಕುಣಿಯುವವರ ರೈಲನ್ನು ಕೈಯಿಂದ ಸರಿಸಿಕೊಂಡು ಕುರ್ಚಿಯ ಮುಂದೆ ಬಂದು ನಿಂತರು.

“ಯಾರ ಮಗ?” ಎಂದು ಕೇಳಿದರು.

ಬಸಿಲಿಯಾ ಕುಣಿತ ನಿಲ್ಲಿಸದೆ ಹೇಳಿದರು. “ಸಾಂತಾ ಫೆ ಪೆತ್ರೋನಾ ಮಗ.”

“ಯಾವಾಗ ಹೋದ?”

“ನಿನ್ನೆ. ನೀವೆಲ್ಲ ಊಟಕ್ಕೆ ಕೂತಿದ್ರಲ್ಲ, ಆವಾಗ. ಪಾತ್ರೆ ತೊಳೀತಿದ್ದ.”

“ಈಗೆಲ್ಲಿದ್ದಾನೆ?”

“ನಿಮ್ಮ ಕಾಲ ಕೆಳಗೆ. ಮಂಜಲ್ಲಿ. ನಾಳೆ ಊರು ಪಕ್ಕದಲ್ಲೇ ಬರುತ್ತೆ, ಇಳಿಸಲ್ವಂತೆ.”

ಗ್ರಾಸಿಯೆಲಾ ಸಭಾಂಗಣದ ಕಡೆ ತಿರುಗಿದರು. ರೋಗಿಗಳ ಮನೆಯವರಿಗೆ ಕಷ್ಟದ ಮಾತು ಹೇಳಿ ರೂಢಿಯಿದ್ದ ಹೆಂಗಸು. ಈಗ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. “ಫೋನ್ ಕೆಳಗಿಡಿ. ಇದು ಆಟ ಅಲ್ಲ, ಸಾವಿನ ಮನೆ. ನಿನ್ನೆ ನಮ್ಮ ಪಾತ್ರೆ ತೊಳೀತಾ ಒಬ್ಬ ಹುಡುಗ ಸತ್ತಿದ್ದಾನೆ. ಇವರು ಅವನಿಗಾಗಿ ಕುಣೀತಿದ್ದಾರೆ. ನೀವೇನ್ ಮಾಡ್ತಿದ್ದೀರಿ?”

ರೈಲು ಬಿಡಿಬಿಡಿಯಾಯಿತು. ರಾಡೋವಾನ್ ಓಡಿಬಂದು ಧ್ವನಿವರ್ಧಕದಲ್ಲಿ ಯಾವುದೋ ಗದ್ದಲದ ಹಾಡು ಹಾಕಿಸಿದ. ಅದರ ಅಡಿಯಲ್ಲಿ ಬೆತೊನ ಡೋಲು ನಡೆಯುತ್ತಲೇ ಇತ್ತು. ಯಾರೋ ಹೋಗಿ ಆ ಯಂತ್ರದ ತಂತಿ ಕಿತ್ತರು. ಯಾರೆಂದು ಕಂಪನಿ ಆಮೇಲೆ ಬಹಳ ವಿಚಾರಿಸಿತು.

ಆ ರಾತ್ರಿ ಅತಿಥಿಗಳ ದೂರು ಕೇಳುವ ಮೇಜಿನ ಮುಂದೆ ಉದ್ದದ ಸಾಲು ನಿಂತಿತ್ತು. ಹುಡುಗನ ಸಾವನ್ನು ಏಕೆ ಬಚ್ಚಿಟ್ಟಿರಿ ಎಂದು ಕೇಳುವವರು ಕೆಲವರು. ನಮ್ಮ ರಜೆಯ ಊಟ ಹಾಳಾಯಿತು, ಇದಕ್ಕೇನು ಪರಿಹಾರ ಎಂದು ಕೇಳುವವರು ಕೆಲವರು. ಎರಡನೆಯವರ ಸಂಖ್ಯೆ ಕಡಿಮೆಯೇನೂ ಇರಲಿಲ್ಲ ಎಂದು ಬೆತೊ ಹೇಳುತ್ತಾನೆ. ಏನೇ ಇರಲಿ, ಗ್ರಾಸಿಯೆಲಾ ಮತ್ತು ಅವರ ಚರ್ಚಿನ ಗೆಳತಿಯರು, ಎವರಿಸ್ತೊ ಇಳಿಯದಿದ್ದರೆ ನಾಳೆ ನಾವೂ ಕಟ್ಟೆಗೆ ಇಳಿದು ಅಲ್ಲೇ ಕೂರುತ್ತೇವೆ, ನಮ್ಮ ಫೋಟೋ ತೆಗೆಯಲಿ ಎಂದರು. ಬೆಳಗಿನ ಹೊತ್ತಿಗೆ ಕಪ್ತಾನ ಒಪ್ಪಿದ. ‘ಕುಟುಂಬದವರ ಕೋರಿಕೆಯ ಮೇರೆಗೆ’ ಇಳಿಸಲಾಗುತ್ತಿದೆ ಎಂದು ಘೋಷಣೆ ಬಂತು. ಕುಟುಂಬಕ್ಕೆ ಆಗಿನ್ನೂ ಯಾರೂ ವಿಷಯವನ್ನೇ ತಿಳಿಸಿರಲಿಲ್ಲ. ಪೆತ್ರೋನಾ ಅವರಿಗೆ ಮಗನ ಸಾವು ಗೊತ್ತಾದದ್ದು ಬಸಿಲಿಯಾ ರೊವಾತಾನ್‌ನ ನೆಂಟರಿಗೆ ಫೋನ್ ಮಾಡಿ, ಅವರು ಪಾದ್ರಿಗೆ ಹೇಳಿ, ಪಾದ್ರಿ ಮನೆಗೆ ನಡೆದು ಹೋದ ಮೇಲೆ.

ಎವರಿಸ್ತೊನನ್ನು ಇಳಿಸಿದ್ದು ಅತಿಥಿಗಳು ಇಳಿಯುವ ಬಾಗಿಲಿನಿಂದಲ್ಲ. ಹಡಗಿನ ಹಿಂಬದಿಯಲ್ಲಿ, ನೀರಿನ ಮಟ್ಟಕ್ಕೆ, ಕಸದ ಮೂಟೆ ಮತ್ತು ಖಾಲಿ ಬಾಟಲಿ ಹಾಕುವ ಬಾಗಿಲು ಒಂದಿದೆ, ಅಲ್ಲಿಂದ. ಅದೇ ಬಾಗಿಲಿನಿಂದ, ಅದೇ ಹೊತ್ತಿಗೆ, ಬಸಿಲಿಯಾರ ಬಟ್ಟೆಬರೆಯ ಪೆಟ್ಟಿಗೆಯೂ ಇಳಿಯಿತು. ಸಮವಸ್ತ್ರಕ್ಕೆ ಅಗೌರವ ತಂದದ್ದಕ್ಕಾಗಿ ಕೆಲಸದಿಂದ ತೆಗೆಯಲಾಗಿದೆ ಎಂದು ಅಧಿಕಾರಿಯೊಬ್ಬ ನಿಂತಲ್ಲೇ ಹೇಳಿ ಹೋದ. ಗಾಡಿಗಳನ್ನು ಕಟ್ಟಲು ಬಿಡದ ರಾಡೋವಾನ್ ಮೇಲೆ ಯಾವ ಕ್ರಮವೂ ಆಗಲಿಲ್ಲ. ಅವನು ಈಗ ಇನ್ನೂ ದೊಡ್ಡ ಹಡಗಿನಲ್ಲಿದ್ದಾನೆ.

“ಬೇಜಾರಾಗ್ಲಿಲ್ವಾ ಅಂತ ಕೇಳ್ತಾರೆ,” ಎನ್ನುತ್ತಾರೆ ಬಸಿಲಿಯಾ. “ಕಸದ ಬಾಗಿಲಿಂದ ಇಳಿಸಿದ್ರಲ್ಲ, ಆ ಹುಡುಗನ್ನ, ಅದು ನೋಡಿದ ಮೇಲೆ ನನ್ನ ಕೆಲಸದ ಬಗ್ಗೆ ಏನ್ ಬೇಜಾರು?”

ಊರಿನಲ್ಲಿ ಎಲ್ಲ ನಡೆಯಬೇಕಾದಂತೆ ನಡೆಯಿತು. ಮಣ್ಣು ಮಾಡಿದರು, ಒಂಬತ್ತು ದಿನ ಪ್ರಾರ್ಥನೆ, ಒಂಬತ್ತನೆಯ ರಾತ್ರಿ ಬೆಳಗಿನವರೆಗೆ ಕುಣಿತ. ಕಂಪನಿಯಿಂದ ಟೈ ಕಟ್ಟಿದ ಒಬ್ಬ ಬಂದು ಹೂವಿನ ಚಕ್ರ ಇಟ್ಟ. ಪ್ರಕೃತಿ ವಿಕೋಪದ ಬಗ್ಗೆ ಮಾತಾಡಲು ಶುರುಮಾಡಿದವನನ್ನು ಬಸಿಲಿಯಾ ತಡೆದರು. “ತಮ್ಮಾ, ಇಲ್ಲಿ ಎಲ್ಲರೂ ಕಡಲಿಗೆ ಹೋಗೋರೇ. ಗಾಳಿ ಕಥೆ ನಮಗೆ ಹೇಳ್ಬೇಡ. ಸರಪಳಿ ಕಥೆ ಹೇಳು.” ಅವನು ಕಾಫಿಯನ್ನೂ ಕುಡಿಯದೆ ಹೊರಟ.

ಇದೆಲ್ಲ ಆಗಿ ಒಂದು ವರ್ಷದ ಮೇಲೆ ಬೆತೊ ಒಂದು ದಿನ ಖಾನಾವಳಿಗೆ ಬಂದ. ಹಡಗು ಬಿಟ್ಟಿರಲಿಲ್ಲ ಅವನು. ಮೂರು ಮಕ್ಕಳ ತಂದೆ. ಲಾ ಸೈಬಾದ ದೋಣಿಕಟ್ಟೆಯಲ್ಲಿ ಕಾಯುತ್ತಿದ್ದಾಗ ಟಿವಿಯಲ್ಲಿ ಕಂಡೆ ಎಂದು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ಕಂಪನಿಯದೇ. ಅರ್ಧ ನಿಮಿಷದ್ದು. ನೀಲಿ ನೀರು, ಊಟ, ಮಕ್ಕಳು, ಮತ್ತೆ ಆ ಸಂಜೆಯ ಕುಣಿತ. ಯಾವನೋ ಅತಿಥಿ ತೆಗೆದದ್ದು. ಬಸಿಲಿಯಾ ಕುಣಿಯುತ್ತಿದ್ದಾರೆ, ಕೆಂಪು ಟೋಪಿಯವಳು ಬಾಯಿ ತುಂಬ ನಗುತ್ತಿದ್ದಾಳೆ, ರೈಲು ತಿರುಗುತ್ತಿದೆ, ಒಂದು ಗಳಿಗೆ ಕುರ್ಚಿಯ ಮೇಲಿನ ಬೂಟೂ ಕಾಣುತ್ತದೆ. ಡೋಲಿನ ಬದಲು ಬೇರೆ ಸಂಗೀತ ಹಾಕಿದ್ದಾರೆ. ಗ್ರಾಸಿಯೆಲಾ ಎದ್ದು ಬರುವ ಮೊದಲೇ ಮುಗಿಯುತ್ತದೆ.

ಬಸಿಲಿಯಾ ಅವತ್ತೇ ಖಾನಾವಳಿ ಮುಚ್ಚಿ ಟ್ರುಹಿಯೊದ ವಕೀಲರ ಬಳಿ ಹೋದರು. ಇದನ್ನು ತೆಗೆಸಬಹುದು, ಆದರೆ ನಿಮ್ಮ ಚಿತ್ರ ಬಳಸುವ ಹಕ್ಕನ್ನು ನೀವು ಕೆಲಸದ ಕರಾರಿನಲ್ಲೇ ಬರೆದುಕೊಟ್ಟಿದ್ದೀರಿ, ಸಂಬಂಧಿಕರೂ ಅಲ್ಲ, ಸತ್ತವನ ತಾಯಿಯೇ ಕೇಳಬೇಕು ಎಂದರು ವಕೀಲರು. ಸಂಜೆಯೊಳಗೆ ಬಸಿಲಿಯಾ ಪೆತ್ರೋನಾ ಅವರ ಬಾಗಿಲಲ್ಲಿದ್ದರು.

ಮುದುಕಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮತ್ತೊಮ್ಮೆ ಹಾಕಿಸಿ ನೋಡಿದರು.

“ಇದು ಅವನ ಬೂಟು.”

“ಹೌದು ದೊಡ್ಡಮ್ಮ.”

“ಈ ಟೋಪಿ ಹೆಂಗಸು ಯಾರು?”

“ಯಾರೋ ಪ್ರಯಾಣಿಕಳು. ನೋಡು ಹೆಂಗೆ ಹಲ್ಲು ಬಿಡ್ತಾಳೆ. ಅದಕ್ಕೇ ಅಂದಿದ್ದು, ಇದನ್ನ ತೆಗೆಸ್ಬೇಕು. ನೀನು ಬಂದು ವಕೀಲರ ಹತ್ರ ಒಂದು ಮಾತು ಹೇಳಿದ್ರೆ ಸಾಕು.”

“ಸಾವಿನ ಮನೇಲಿ ನಗೋರು ಇರಲ್ವೇನೇ? ನಿಮ್ಮಪ್ಪ ನನ್ನ ಗಂಡನ ಒಂಬತ್ತನೇ ರಾತ್ರಿ ಕಥೆ ಹೇಳಿ ಹೇಳಿ ನನ್ನನ್ನೇ ನಗಿಸಿದ್ದ.”

“ಅದು ಬೇರೆ ದೊಡ್ಡಮ್ಮ. ಅವಳಿಗೆ ಸಾವು ಅಂತಾನೇ ಗೊತ್ತಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಇದನ್ನ ವ್ಯಾಪಾರಕ್ಕೆ ಹಾಕಿದ್ದಾರಲ್ಲ, ಅವರಿಗೆ ನಾಚಿಕೆ ಆಗ್ಬೇಡ್ವಾ?”

“ಅವರಿಗೆ ನಾಚಿಕೆ ಬರಿಸೋಕೆ ನಾನು ಬಸ್ ಹತ್ತಿ ಟ್ರುಹಿಯೊಗೆ ಬರ್ಬೇಕಾ?” ಪೆತ್ರೋನಾ ಫೋನನ್ನು ವಾಪಸ್ ಕೊಡಲಿಲ್ಲ. “ನೀವೆಲ್ಲ ಅಲ್ಲಿ ಅವನಿಗಾಗಿ ಕುಣಿದ್ರಿ. ನಾನೊಬ್ಬಳೇ ಇರ್ಲಿಲ್ಲ. ನಂಗೆ ಕಾಣೋದು ಇಷ್ಟೇ ಇಷ್ಟು. ಇದನ್ನೂ ತೆಗೆಸ್ತೀಯಾ?”

ಬಸಿಲಿಯಾರ ಸಿಟ್ಟು ಇಳಿದಿಲ್ಲ. ಮುದುಕಿಗೆ ಬುದ್ಧಿ ಹೇಳಿ ಎಂದು ಪಾದ್ರಿಯನ್ನು ಕೇಳಿದ್ದಾರೆ, ಊರಿನ ಹಿರಿಯರನ್ನು ಕೇಳಿದ್ದಾರೆ. ಪೆತ್ರೋನಾ ಜಗ್ಗಿಲ್ಲ. ಅವರ ಮನೆಯಲ್ಲಿ ಇಂಥದ್ದನ್ನು ತೋರಿಸುವ ಫೋನಿಲ್ಲ. ಆದ್ದರಿಂದ ಬಸಿಲಿಯಾರೇ ಆಗಾಗ, ಒಲೆ ಆರಿಸಿದ ಮೇಲೆ, ಕೈ ಒರೆಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಮುದುಕಿಯ ಮುಂದೆ ಫೋನ್ ಹಿಡಿದು ತಾವು ಬೇರೆ ಕಡೆ ನೋಡುತ್ತಾರೆ. ಕೊನೆಯಲ್ಲಿ ಕಂಪನಿಯ ಹೆಸರು ಬರುತ್ತದೆ. ಅದು ಬರುವ ಮೊದಲೇ ಹೆಬ್ಬೆಟ್ಟಿನಿಂದ ನಿಲ್ಲಿಸುತ್ತಾರೆ.

“ಇನ್ನೊಂದ್ ಸಲ ಹಾಕು,” ಎನ್ನುತ್ತಾರೆ ಪೆತ್ರೋನಾ.

ಬಸಿಲಿಯಾ ಬೈದುಕೊಳ್ಳುತ್ತ ಮತ್ತೆ ಹಾಕುತ್ತಾರೆ.